ಯೊಶಿಹಿರೊ ಹತ್ತೋರಿ: ಎರಡೇ ತಿಂಗಳಲ್ಲಿ ಮುಗಿದ ವಿನಿಮಯ ವರ್ಷ

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಅಥವಾ ವಿದ್ಯಾರ್ಥಿನಿಯೊಬ್ಬಳು ತನ್ನ ದೇಶ ಬಿಟ್ಟು, ಪರಿಚಯವೇ ಇಲ್ಲದ ಕುಟುಂಬವೊಂದರ ಮಗನಾಗಿ ಅಥವಾ ಮಗಳಾಗಿ ಸುಮಾರು ಒಂದು ವರ್ಷ ಬಾಳಿ, ಅಲ್ಲಿಯ ಶಾಲೆಯಲ್ಲಿಯೇ ಓದಿ ಹಿಂತಿರುಗುವ ವ್ಯವಸ್ಥೆಗೆ ಅಂತಾರಾಷ್ಟ್ರೀಯ ಯುವ ವಿನಿಮಯ ಎಂದು ಹೆಸರು. ಎರಡನೆಯ ಮಹಾಯುದ್ಧದ ನಂತರ ಬೆಳೆದ ಈ ವ್ಯವಸ್ಥೆಯ ಮೂಲಕ ಲಕ್ಷಾಂತರ ಹದಿಹರೆಯದವರು ಗಡಿ ದಾಟಿದ್ದಾರೆ. ಅವರಲ್ಲಿ ಬಹುತೇಕರ ಅನುಭವ ಸುಖಾಂತ್ಯವಾದುದು. ಆದರೆ ವಿನಿಮಯದ ಚರಿತ್ರೆಯಲ್ಲಿ ಹೆಚ್ಚು ಚರ್ಚೆಗೆ ಒಳಗಾದ ಹೆಸರುಗಳಲ್ಲೊಂದು, ಮನೆಗೆ ಜೀವಂತವಾಗಿ ಹಿಂತಿರುಗದ ಹುಡುಗನೊಬ್ಬನದು. ಜಪಾನಿನ ನಗೋಯಾ ನಗರದ ಯೊಶಿಹಿರೊ ಹತ್ತೋರಿ 1992ರ ಅಕ್ಟೋಬರ್ 17ರಂದು ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ, ತಪ್ಪು ವಿಳಾಸದ ಮನೆಯ ಬಾಗಿಲು ತಟ್ಟಿದ ಕಾರಣಕ್ಕೆ ಗುಂಡಿಗೆ ಬಲಿಯಾದ. ಆಗ ಅವನಿಗೆ ವಯಸ್ಸು 16.

ಆ ಒಂದು ಸಾವು ಎರಡು ದೇಶಗಳ ನಡುವೆ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಬಂದೂಕಿನ ಕಾನೂನು, ಪಠ್ಯಪುಸ್ತಕದ ಇಂಗ್ಲಿಷು, ಪರದೇಶಕ್ಕೆ ಮಕ್ಕಳನ್ನು ಕಳುಹಿಸುವ ಪಾಲಕರ ಆತಂಕ ಇವೆಲ್ಲವೂ ಅದರಲ್ಲಿ ಸೇರಿಕೊಂಡವು. ಮಗನನ್ನು ಕಳೆದುಕೊಂಡ ದಂಪತಿ ಆ ಬಳಿಕ ಕೈಗೊಂಡ ಕಾರ್ಯವಂತೂ ಯುವ ವಿನಿಮಯದ ಅರ್ಥವನ್ನೇ ಮತ್ತೆ ನೆನಪಿಸುವಂತಿದೆ.

ಆಂಬುಲೆನ್ಸ್‌ನಿಂದ ಶಾಲೆಯವರೆಗೆ

ಹತ್ತೋರಿ ಅಮೆರಿಕಕ್ಕೆ ತೆರಳಿದ್ದು ಎಎಫ್‌ಎಸ್ ಎಂಬ ಸ್ವಯಂಸೇವಾ ಸಂಸ್ಥೆಯ ಮೂಲಕ. ಈ ಸಂಸ್ಥೆಯ ಹುಟ್ಟು ಯುದ್ಧಭೂಮಿಯಲ್ಲಿ ಆದದ್ದು ಎಂಬುದು ಹಲವರಿಗೆ ತಿಳಿದಿಲ್ಲ. ಎಎಫ್‌ಎಸ್ ಎಂದರೆ ಅಮೆರಿಕನ್ ಫೀಲ್ಡ್ ಸರ್ವಿಸ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮುನ್ನವೇ, 1915ರಲ್ಲಿ ಎ. ಪಿಯಟ್ ಆಂಡ್ರ್ಯೂ ಎಂಬವರು ಫ್ರಾನ್ಸಿನಲ್ಲಿ ಗಾಯಾಳು ಸೈನಿಕರನ್ನು ಸಾಗಿಸಲು ಅಮೆರಿಕದ ತರುಣರ ಆಂಬುಲೆನ್ಸ್ ಪಡೆಯೊಂದನ್ನು ಕಟ್ಟಿದರು. ಕಾಲೇಜು ಓದುತ್ತಿದ್ದ ಅನೇಕರು ಸಂಬಳವಿಲ್ಲದೆ ಈ ಕೆಲಸಕ್ಕೆ ಬಂದರು. ಎರಡನೆಯ ಮಹಾಯುದ್ಧದಲ್ಲಿ ಸ್ಟೀಫನ್ ಗಲಾಟಿ ಅವರ ನೇತೃತ್ವದಲ್ಲಿ ಇದೇ ಪಡೆ ಮತ್ತೆ ಕಾರ್ಯಪ್ರವೃತ್ತವಾಯಿತು.

ಯುದ್ಧ ಮುಗಿದ ಮೇಲೆ ಆಂಬುಲೆನ್ಸ್ ಓಡಿಸಿದವರ ಮುಂದೆ ಒಂದು ಪ್ರಶ್ನೆ ನಿಂತಿತು. ಗಾಯಗೊಂಡವರನ್ನು ಹೊರುವುದಕ್ಕಿಂತ ಗಾಯವೇ ಆಗದಂತೆ ನೋಡಿಕೊಳ್ಳುವುದು ಹೇಗೆ? ಒಂದು ದೇಶದ ಮಕ್ಕಳು ಇನ್ನೊಂದು ದೇಶದ ಮನೆಗಳಲ್ಲಿ ಉಂಡು, ಉಟ್ಟು, ಜಗಳವಾಡಿ, ರಾಜಿಯಾಗಿ ಬೆಳೆದರೆ ನಾಳೆ ಆ ದೇಶದ ಮೇಲೆ ಬಂದೂಕು ಎತ್ತುವುದು ಕಷ್ಟವಾದೀತು ಎಂಬುದು ಅವರು ಕಂಡುಕೊಂಡ ಉತ್ತರ. 1947ರಲ್ಲಿ ಸುಮಾರು 50 ವಿದ್ಯಾರ್ಥಿಗಳು ವಿದೇಶಗಳಿಂದ ಅಮೆರಿಕಕ್ಕೆ ಬರುವುದರೊಂದಿಗೆ ಎಎಫ್‌ಎಸ್‌ನ ಶಾಲಾ ವಿನಿಮಯ ಆರಂಭವಾಯಿತು. ಯುದ್ಧದಲ್ಲಿ ಶತ್ರುವಾಗಿದ್ದ ಜಪಾನಿನ ಮಕ್ಕಳೂ 1950ರ ದಶಕದಲ್ಲಿಯೇ ಈ ಬಾಗಿಲಿನೊಳಗೆ ಬಂದರು.

ಇದೊಂದೇ ಸಂಸ್ಥೆ ಅಲ್ಲ. ರೋಟರಿ ಕ್ಲಬ್ಬುಗಳ ಯುವ ವಿನಿಮಯಕ್ಕೆ 1920ರ ದಶಕದ ಯುರೋಪಿನಲ್ಲಿ ಬೇರುಗಳಿವೆ. ಮಕ್ಕಳ ಶಿಬಿರಗಳಿಗೆ ಹೆಸರಾದ ಸಿಐಎಸ್‌ವಿ 1951ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ತನ್ನ ಮೊದಲ ಶಿಬಿರ ನಡೆಸಿತು. ಅಮೆರಿಕ ಮತ್ತು ಜರ್ಮನಿಯ ಸಂಸತ್ತುಗಳು ಕೂಡಿ 1983ರಲ್ಲಿ ವಿನಿಮಯ ಕಾರ್ಯಕ್ರಮವೊಂದನ್ನು ಹುಟ್ಟುಹಾಕಿದವು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ವಿದ್ಯಾರ್ಥಿಗಳಿಗಾಗಿ ಅಮೆರಿಕ ಸರ್ಕಾರ 2002ರಲ್ಲಿ ಯೆಸ್ ಎಂಬ ಯೋಜನೆ ರೂಪಿಸಿತು. ಭಾರತದ ವಿದ್ಯಾರ್ಥಿಗಳೂ ಇದರಲ್ಲಿ ಆಯ್ಕೆಯಾಗಿದ್ದಾರೆ. ಹೀಗೆ ಹಲವು ವಿನಿಮಯ ಯೋಜನೆಗಳ ಹಿಂದೆ ಒಂದು ಯುದ್ಧದ ನೆನಪೋ ಭಯವೋ ಇರುವುದು ಗಮನಾರ್ಹ.

ವ್ಯವಸ್ಥೆ ನಡೆಯುವ ಬಗೆ

ಶಾಲಾ ವಿನಿಮಯದ ಕೇಂದ್ರಬಿಂದು ಆತಿಥೇಯ ಕುಟುಂಬ. ವಿದ್ಯಾರ್ಥಿ ಅಲ್ಲಿ ಅತಿಥಿಯೂ ಅಲ್ಲ, ಬಾಡಿಗೆದಾರನೂ ಅಲ್ಲ. ಮನೆಯ ಮಕ್ಕಳಿಗೆ ಇರುವ ಕೆಲಸ, ಕಟ್ಟುಪಾಡು, ಹಕ್ಕು ಎಲ್ಲವೂ ಅವನಿಗೂ ಇರುತ್ತವೆ. ಎಎಫ್‌ಎಸ್, ರೋಟರಿಯಂತಹ ಸಂಸ್ಥೆಗಳಲ್ಲಿ ಆತಿಥೇಯರಿಗೆ ಹಣ ಕೊಡುವ ಪದ್ಧತಿ ಇಲ್ಲ. ಊಟ ಮತ್ತು ಕೋಣೆ ಅವರ ಕೊಡುಗೆ. ವಿಮಾನ ಪ್ರಯಾಣ, ವಿಮೆ, ಕೈಖರ್ಚು ಮುಂತಾದವನ್ನು ವಿದ್ಯಾರ್ಥಿಯ ಪಾಲಕರು ಅಥವಾ ವಿದ್ಯಾರ್ಥಿವೇತನ ನೀಡುವವರು ಭರಿಸುತ್ತಾರೆ. ರೋಟರಿಯಲ್ಲಿ ವರ್ಷವಿಡೀ ಒಂದೇ ಮನೆಯಲ್ಲಿ ಇರದೆ ಎರಡು ಮೂರು ಮನೆಗಳಿಗೆ ಬದಲಾಗುವುದು ರೂಢಿ. ಎಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಮನೆ.

ಅಮೆರಿಕಕ್ಕೆ ಹೋಗುವ ಶಾಲಾ ವಿನಿಮಯ ವಿದ್ಯಾರ್ಥಿಗಳಿಗೆ ಜೆ-1 ಎಂಬ ವೀಸಾ ದೊರೆಯುತ್ತದೆ. ಕಾರ್ಯಕ್ರಮ ಆರಂಭವಾಗುವ ಹೊತ್ತಿಗೆ ವಿದ್ಯಾರ್ಥಿಗೆ ಕನಿಷ್ಠ 15 ವರ್ಷ ತುಂಬಿರಬೇಕು, ಹದಿನೆಂಟೂವರೆ ವರ್ಷ ಮೀರಿರಬಾರದು. ವಿದ್ಯಾರ್ಥಿಯ ಹೊಣೆ ಹೊತ್ತ ಸಂಸ್ಥೆಯ ಸ್ಥಳೀಯ ಪ್ರತಿನಿಧಿಯೊಬ್ಬರು ಆತಿಥೇಯರ ಮನೆಯನ್ನು ಮೊದಲೇ ಪರಿಶೀಲಿಸಿ, ನಂತರವೂ ವಿದ್ಯಾರ್ಥಿಯ ಸಂಪರ್ಕದಲ್ಲಿ ಇರಬೇಕಾಗುತ್ತದೆ.

ಇಂಥ ವರ್ಷದ ಏರಿಳಿತಗಳನ್ನು ವಿದ್ವಾಂಸರೂ ಗಮನಿಸಿದ್ದಾರೆ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಸಂಸ್ಕೃತಿಗೆ ಹೋದವನು ದಾಟುವ ಹಂತಗಳನ್ನು ವಿವರಿಸಿದ್ದಾರೆ. ಮೊದಲ ವಾರಗಳಲ್ಲಿ ಎಲ್ಲವೂ ಸೊಗಸಾಗಿ ಕಾಣುತ್ತದೆ. ಅನಂತರ ಸಣ್ಣ ಸಣ್ಣ ಸಂಗತಿಗಳೇ ಸಿಟ್ಟು ತರಿಸುತ್ತವೆ, ಮನೆಯ ನೆನಪು ಕಾಡುತ್ತದೆ. ಕ್ರಮೇಣ ಆ ನಾಡಿನ ಸೂಚನೆಗಳು, ಅಂದರೆ ಯಾವಾಗ ಕೈ ಕುಲುಕಬೇಕು, ಯಾವುದು ತಮಾಷೆ, ಯಾವುದು ಎಚ್ಚರಿಕೆ ಎಂಬುದು ಅರ್ಥವಾಗಿ ಮನಸ್ಸು ಒಗ್ಗಿಕೊಳ್ಳುತ್ತದೆ. ಭಾಷೆಯ ವ್ಯಾಕರಣ ಬಂದರೂ ಈ ಸೂಚನೆಗಳು ಬರಲು ಕಾಲ ಬೇಕು. ಯೊಶಿಹಿರೊ ಹತ್ತೋರಿಗೆ ಆ ಕಾಲ ದೊರೆಯಲಿಲ್ಲ.

ನಗೋಯಾದಿಂದ ಬ್ಯಾಟನ್ ರೂಜ್‌ಗೆ

ಯೊಶಿಹಿರೊ ಜನಿಸಿದ್ದು 1975ರ ನವೆಂಬರ್ 22ರಂದು. ತಂದೆ ಮಸಾಯಿಚಿ ಹತ್ತೋರಿ, ತಾಯಿ ಮಿಯೆಕೊ ಹತ್ತೋರಿ. ಮೂವರು ಮಕ್ಕಳಲ್ಲಿ ಅವನು ಎರಡನೆಯವನು. ಮನೆಯವರಿಗೂ ಗೆಳೆಯರಿಗೂ ಅವನು ಯೊಶಿ. ಶಾಲೆಯಲ್ಲಿ ರಗ್ಬಿ ಆಡುತ್ತಿದ್ದ, ಮೀನು ಹಿಡಿಯುವುದೆಂದರೆ ಅವನಿಗೆ ಬಲು ಇಷ್ಟವಾಗಿತ್ತು. ಎಎಫ್‌ಎಸ್ ಆಯ್ಕೆಯಲ್ಲಿ ತೇರ್ಗಡೆಯಾಗಿ ವಿದ್ಯಾರ್ಥಿವೇತನವನ್ನೂ ಪಡೆದು, 1992ರ ಆಗಸ್ಟ್‌ನಲ್ಲಿ ಅವನು ಅಮೆರಿಕ ತಲುಪಿದ.

ಅವನು ಬಿಟ್ಟು ಬಂದ ನಗೋಯಾ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಕೈಗಾರಿಕಾ ನಗರ. ಸೇರಿದ ಬ್ಯಾಟನ್ ರೂಜ್ ಮಿಸಿಸಿಪಿ ನದಿಯ ದಂಡೆಯ ಮೇಲಿರುವ, ಲೂಸಿಯಾನಾದ ರಾಜಧಾನಿ. ಆತಿಥೇಯರಾದ ರಿಚರ್ಡ್ ಮತ್ತು ಹಾಲಿ ಹೇಮೇಕರ್ ಸುಶಿಕ್ಷಿತ ದಂಪತಿ. ರಿಚರ್ಡ್ ಅಲ್ಲಿಯ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ, ಹಾಲಿ ವೈದ್ಯೆ. ಅವರ ಮನೆಯಲ್ಲಿ ಯೊಶಿಯ ಸರಿವಯಸ್ಸಿನ ಮಗನೊಬ್ಬನಿದ್ದ. ಇಬ್ಬರೂ ಬೇಗ ಹೊಂದಿಕೊಂಡರು. ಯೊಶಿ ಅಲ್ಲಿಯ ಮೆಕಿನ್ಲಿ ಪ್ರೌಢಶಾಲೆಗೆ ಸೇರಿದ. ಹೊಸ ಊರಿನಲ್ಲಿ ಅವನು ನೃತ್ಯವನ್ನೂ ಕಲಿಯತೊಡಗಿದ್ದ. ಸಂಕೋಚದ ಹುಡುಗನಲ್ಲ, ಎಲ್ಲರೊಂದಿಗೆ ಬೆರೆಯುವ ಉತ್ಸಾಹಿ ಎಂದೇ ಆತಿಥೇಯರು ಅವನನ್ನು ಬಣ್ಣಿಸಿದ್ದಾರೆ. ಅವನ ಇಂಗ್ಲಿಷ್ ಇನ್ನೂ ಹಿಡಿತಕ್ಕೆ ಬರುತ್ತಿತ್ತಷ್ಟೆ.

ಆ ಸಂಜೆ

ಅಕ್ಟೋಬರ್ 31 ಅಮೆರಿಕದಲ್ಲಿ ಹ್ಯಾಲೋವೀನ್. ಮಕ್ಕಳು ದೆವ್ವ, ಮಾಟಗಾತಿ, ಸಿನಿಮಾ ತಾರೆಯರ ವೇಷ ತೊಟ್ಟು ನೆರೆಹೊರೆಯ ಬಾಗಿಲು ತಟ್ಟಿ ಸಿಹಿ ಕೇಳುವ ಹಬ್ಬವಿದು. ತಿಂಗಳ ಆರಂಭದಿಂದಲೇ ಮನೆಗಳ ಮುಂದೆ ಕಾಗದದ ಅಸ್ಥಿಪಂಜರ, ಕೊರೆದ ಕುಂಬಳಕಾಯಿಗಳು ಕಾಣಿಸಿಕೊಳ್ಳುತ್ತವೆ. ಹಬ್ಬಕ್ಕೆ ಎರಡು ವಾರ ಮೊದಲು, 1992ರ ಅಕ್ಟೋಬರ್ 17ರ ಶನಿವಾರ ಸಂಜೆ, ಬ್ಯಾಟನ್ ರೂಜ್‌ನ ಹೊರವಲಯದ ಬಡಾವಣೆಯೊಂದರಲ್ಲಿ ವಿನಿಮಯ ವಿದ್ಯಾರ್ಥಿಗಳಿಗಾಗಿ ವೇಷದ ಕೂಟವೊಂದನ್ನು ಏರ್ಪಡಿಸಲಾಗಿತ್ತು. ಯೊಶಿ ಮತ್ತು ಹೇಮೇಕರ್ ಮನೆಯ ಮಗ ಕಾರಿನಲ್ಲಿ ಹೊರಟರು. ಸ್ಯಾಟರ್‌ಡೇ ನೈಟ್ ಫೀವರ್ ಚಿತ್ರದ ಜಾನ್ ಟ್ರವೋಲ್ಟಾನನ್ನು ನೆನಪಿಸುವ ಬಿಳಿಯ ಸೂಟು ಯೊಶಿಯ ವೇಷವಾಗಿತ್ತು. ಜೊತೆಗಾರ ಅಪಘಾತದ ಗಾಯಾಳುವಿನಂತೆ ಬ್ಯಾಂಡೇಜು ಸುತ್ತಿಕೊಂಡಿದ್ದ.

ವಿಳಾಸದ ಸಂಖ್ಯೆ ಓದುವಲ್ಲಿ ಗೊಂದಲವಾಯಿತು. ಹೋಗಬೇಕಾದ ಮನೆ ಅದೇ ಬೀದಿಯಲ್ಲಿ ಕೆಲವೇ ಮನೆಗಳ ಆಚೆ ಇತ್ತು. ಇವರು ನಿಂತ ಮನೆಯ ಮುಂದೆಯೂ ಹ್ಯಾಲೋವೀನ್ ಅಲಂಕಾರವಿತ್ತಾದ್ದರಿಂದ ಸಂಶಯಕ್ಕೆ ಆಸ್ಪದವೇ ಇರಲಿಲ್ಲ. ಕರೆಗಂಟೆ ಒತ್ತಿದರು. ಮುಂಬಾಗಿಲು ತೆರೆಯಲಿಲ್ಲ. ಕಾರು ನಿಲ್ಲಿಸುವ ಮಾಡಿನ ಕಡೆಯ ಪಕ್ಕದ ಬಾಗಿಲು ತೆರೆದು ಮನೆಯೊಡತಿ ಹೊರಗೆ ನೋಡಿದಳು. ಕೂಡಲೇ ಬೆದರಿ ಬಾಗಿಲು ಹಾಕಿಕೊಂಡು, ಬಂದೂಕು ತರುವಂತೆ ಗಂಡನನ್ನು ಕೂಗಿದಳು. ಬಂದೂಕು ಏಕೆ ಎಂದು ಗಂಡ ಕೇಳಲಿಲ್ಲ. ಮಲಗುವ ಕೋಣೆಯಿಂದ .44 ಮ್ಯಾಗ್ನಂ ರಿವಾಲ್ವರ್ ತಂದು ಅದೇ ಪಕ್ಕದ ಬಾಗಿಲನ್ನು ತೆರೆದ.

ಅಷ್ಟರಲ್ಲಿ ಹುಡುಗರಿಬ್ಬರೂ ತಪ್ಪು ಮನೆಗೆ ಬಂದಿರಬೇಕೆಂದು ಊಹಿಸಿ ಕಾರಿನತ್ತ ತಿರುಗಿದ್ದರು. ಬಾಗಿಲು ಮತ್ತೆ ತೆರೆದುದನ್ನು ಕಂಡು ಯೊಶಿ ಉತ್ಸಾಹದಿಂದ ಹಿಂದಿರುಗಿ, ಕೂಟಕ್ಕೆ ಬಂದಿದ್ದೇವೆಂದು ಇಂಗ್ಲಿಷಿನಲ್ಲಿ ಹೇಳುತ್ತ ಮುಂದೆ ನಡೆದ. ಮನೆಯೊಡೆಯ ‘ಫ್ರೀಜ್’ ಎಂದು ಕೂಗಿದ. ಯೊಶಿ ನಿಲ್ಲಲಿಲ್ಲ. ಸುಮಾರು ಒಂದೂವರೆ ಮೀಟರ್ ಅಂತರದಿಂದ ಹಾರಿದ ಒಂದೇ ಗುಂಡು ಅವನ ಎದೆ ಹೊಕ್ಕಿತು. ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಪೊಲೀಸರು ಬರುವವರೆಗೆ ಒಳಗೇ ಉಳಿದರು. ಜೊತೆಗಾರ ನೆರೆಮನೆಗೆ ಓಡಿ ಸಹಾಯ ಬೇಡಿದ. ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ಯೊಶಿ ಕೊನೆಯುಸಿರೆಳೆದ.

ಒಂದು ಪದದ ಅರ್ಥ

‘ಫ್ರೀಜ್’ ಎಂಬ ಪದ ಜಪಾನಿನಲ್ಲಿ ತಿಂಗಳುಗಟ್ಟಲೆ ಚರ್ಚೆಯಾಯಿತು. ಶಾಲೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಹೆಪ್ಪುಗಟ್ಟು ಎಂದಷ್ಟೆ. ಪ್ರವೇಶ ಪರೀಕ್ಷೆಗಾಗಿ ವ್ಯಾಕರಣ ಮತ್ತು ಪಾಠ ಓದುವುದಕ್ಕೆ ಒತ್ತು ಕೊಡುತ್ತಿದ್ದ ಅಲ್ಲಿಯ ಬೋಧನೆಯಲ್ಲಿ, ಬಂದೂಕು ಹಿಡಿದವನ ಬಾಯಲ್ಲಿ ಆ ಮಾತಿಗೆ ‘ಅಲ್ಲಾಡಿದರೆ ಗುಂಡು ಹಾರಿಸುತ್ತೇನೆ’ ಎಂಬ ಅರ್ಥವಿದೆಯೆಂದು ಹೇಳಿಕೊಡುವ ಸಂದರ್ಭವೇ ಇರಲಿಲ್ಲ. ಯೊಶಿ ಅದನ್ನು ‘ಪ್ಲೀಸ್’ ಎಂದು ಕೇಳಿಸಿಕೊಂಡಿರಬಹುದೇ, ಒಳಗೆ ಬಾ ಎಂಬ ಕರೆಯೆಂದು ಭಾವಿಸಿರಬಹುದೇ ಎಂಬ ಊಹೆಯೂ ವ್ಯಾಪಕವಾಗಿತ್ತು. ಅವನು ಏನನ್ನು ಕೇಳಿಸಿಕೊಂಡ ಎಂಬುದಕ್ಕೆ ಉತ್ತರ ಅವನೊಂದಿಗೇ ಹೋಯಿತು.

ಈ ಸಂಗತಿ ಕನ್ನಡ ಓದುಗರಿಗೂ ದೂರದ್ದಲ್ಲ. ಫ್ರಿಜ್ಜು, ಫ್ರೀಜರು ನಮ್ಮ ಮನೆಮಾತೇ ಆಗಿವೆ. ಆದರೆ ಪೊಲೀಸನ ಅಥವಾ ಭೀತಿಗೊಂಡ ಗೃಹಸ್ಥನ ಬಾಯಿಂದ ಅದೇ ಪದ ಬಂದಾಗ ಕಾಲು ಕೀಳದೆ ಕೈ ಮೇಲೆತ್ತಿ ನಿಲ್ಲಬೇಕೆಂಬ ತಿಳಿವಳಿಕೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ ಸಿನಿಮಾದಿಂದ ಬರಬೇಕೇ ಹೊರತು ಪಾಠದಿಂದಲ್ಲ.

ಹಾಗೆಂದು ಇಡೀ ದುರಂತವನ್ನು ಭಾಷೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಜೊತೆಗಿದ್ದ ಹುಡುಗ ಇಂಗ್ಲಿಷನ್ನೇ ಮನೆಮಾತಾಗಿ ಆಡುವವನು. ಅವನು ಹಿಂದಿನಿಂದ ಯೊಶಿಯನ್ನು ಕೂಗಿ ಕರೆದ. ಪದಕ್ಕೂ ಗುಂಡಿಗೂ ನಡುವೆ ಇದ್ದ ಕಾಲಾವಕಾಶ ಕ್ಷಣಗಳದು. ಅಷ್ಟರಲ್ಲಿ ಅರ್ಥ ಹೊಳೆದು ದೇಹ ನಿಲ್ಲುವುದು ಯಾವ ಭಾಷೆಯವನಿಗೂ ಸುಲಭವಲ್ಲ. ಇನ್ನೊಂದು ಭೇದವೂ ಇಲ್ಲಿ ಮುಖ್ಯ. 1958ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಜಪಾನಿನಲ್ಲಿ ಸಾಮಾನ್ಯ ನಾಗರಿಕರು ಕೈಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಂಥ ನಾಡಿನಲ್ಲಿ ಬೆಳೆದ ಹುಡುಗನಿಗೆ, ಗೃಹಸ್ಥನೊಬ್ಬನ ಕೈಯಲ್ಲಿ ರಿವಾಲ್ವರ್ ಕಂಡಾಗ, ಅದೂ ವೇಷದ ಹಬ್ಬದ ಹೊತ್ತಿನಲ್ಲಿ, ಅದು ನಿಜವಾದ ಆಯುಧವೆಂದು ತಕ್ಷಣ ತೋಚದಿದ್ದರೆ ಅಚ್ಚರಿಯಿಲ್ಲ.

ಎರಡು ನ್ಯಾಯಾಲಯ, ಎರಡು ತೀರ್ಪು

ಘಟನೆಯ ರಾತ್ರಿ ಪೊಲೀಸರು ಮನೆಯೊಡೆಯನನ್ನು ವಿಚಾರಿಸಿ ಬಿಟ್ಟುಬಿಟ್ಟರು. ಲೂಸಿಯಾನಾದ ಗವರ್ನರ್ ಮತ್ತು ಜಪಾನಿನ ದೂತಾವಾಸ ಕಚೇರಿ ಆಕ್ಷೇಪಿಸಿದ ಬಳಿಕವೇ ಕೊಲೆಯಲ್ಲದ ನರಹತ್ಯೆಯ ಆರೋಪ ದಾಖಲಾಯಿತು. 1993ರ ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ಅಪರಿಚಿತನೊಬ್ಬ ವಿಚಿತ್ರ ರೀತಿಯಲ್ಲಿ ಮುನ್ನುಗ್ಗಿ ಬಂದ, ಎಚ್ಚರಿಸಿದರೂ ನಿಲ್ಲಲಿಲ್ಲ, ತನ್ನ ಮನೆಯ ಬಾಗಿಲಲ್ಲಿ ನಿಂತ ಮನುಷ್ಯನಿಗೆ ಕುಟುಂಬವನ್ನು ರಕ್ಷಿಸಿಕೊಳ್ಳುವ ಹಕ್ಕಿದೆ ಎಂಬುದು ಪ್ರತಿವಾದಿ ವಕೀಲರ ವಾದ. ಯೊಶಿಯ ಕೈಯಲ್ಲಿ ಆಯುಧವಿರಲಿಲ್ಲ, ಬಾಗಿಲು ಮುಚ್ಚಿಕೊಂಡು ಪೊಲೀಸರಿಗೆ ಫೋನ್ ಮಾಡಿದ್ದರೆ ಸಾಕಿತ್ತು ಎಂಬುದು ಸರ್ಕಾರಿ ವಕೀಲರ ವಾದ. ಮೇ 23ರಂದು ಹನ್ನೆರಡು ಮಂದಿಯ ಜ್ಯೂರಿ ಕೆಲವೇ ಗಂಟೆಗಳ ಸಮಾಲೋಚನೆಯ ನಂತರ ಆರೋಪಿ ನಿರ್ದೋಷಿಯೆಂದು ಸಾರಿತು. ಜಪಾನಿನಲ್ಲಿ ಈ ತೀರ್ಪು ಸಾವಿನಷ್ಟೇ ಆಘಾತ ಉಂಟುಮಾಡಿತು.

ಹತ್ತೋರಿ ದಂಪತಿ ನಂತರ ಸಿವಿಲ್ ದಾವೆ ಹೂಡಿದರು. 1994ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು, ಜ್ಯೂರಿಯಿಲ್ಲದೆ ವಿಚಾರಣೆ ನಡೆಸಿ, ಗುಂಡು ಹಾರಿಸಿದ್ದಕ್ಕೆ ಸಮರ್ಥನೆ ಇಲ್ಲವೆಂದು ತೀರ್ಮಾನಿಸಿ ಆರೂವರೆ ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ನೀಡುವಂತೆ ಆದೇಶಿಸಿದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಒಂದೇ ಘಟನೆಗೆ ಎರಡು ಬಗೆಯ ತೀರ್ಪು ಬಂದುದಕ್ಕೆ ಕಾರಣ ಸಾಕ್ಷ್ಯದ ಮಾನದಂಡ. ಕ್ರಿಮಿನಲ್ ಪ್ರಕರಣದಲ್ಲಿ ಅಪರಾಧ ಸಂಶಯಾತೀತವಾಗಿ ಸಾಬೀತಾಗಬೇಕು. ಸಿವಿಲ್ ದಾವೆಯಲ್ಲಿ ಯಾರ ಪಕ್ಷದ ಸಾಕ್ಷ್ಯ ಹೆಚ್ಚು ತೂಗುತ್ತದೆ ಎಂಬುದಷ್ಟೇ ಪ್ರಶ್ನೆ. ಕೊನೆಗೆ ದಂಪತಿಯ ಕೈಗೆ ಬಂದದ್ದು ವಿಮಾ ಕಂಪನಿ ತೆತ್ತ ಸುಮಾರು ಒಂದು ಲಕ್ಷ ಡಾಲರ್ ಮಾತ್ರ.

ಸಹಿಗಳ ಮೂಟೆ

ಮಗನ ಅಂತ್ಯಸಂಸ್ಕಾರದ ದಿನಗಳಲ್ಲಿಯೇ ಮಸಾಯಿಚಿ ಮತ್ತು ಮಿಯೆಕೊ ಒಂದು ಮನವಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಗುಂಡು ಹಾರಿಸಿದವನ ಮೇಲೆ ಸೇಡಿನ ಮಾತಿರಲಿಲ್ಲ. ಅಮೆರಿಕದ ಮನೆಗಳಿಂದ ಸುಲಭವಾಗಿ ಕೈಗೆ ಸಿಗುವ ಬಂದೂಕುಗಳನ್ನು ತೆಗೆಯಿರೆಂದು ಅಲ್ಲಿಯ ಅಧ್ಯಕ್ಷರನ್ನು ಕೋರಲಾಗಿತ್ತು. ಜಪಾನಿನಾದ್ಯಂತ ಸುಮಾರು 17 ಲಕ್ಷ ಜನ ಈ ಮನವಿಗೆ ಸಹಿ ಹಾಕಿದರು. ಅತ್ತ ಅಮೆರಿಕದಲ್ಲಿ ಹೇಮೇಕರ್ ದಂಪತಿ ಇದೇ ಉದ್ದೇಶಕ್ಕೆ ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ತಮ್ಮ ಆಶ್ರಯದಲ್ಲಿದ್ದ ಮಗುವನ್ನು ಉಳಿಸಿಕೊಳ್ಳಲಾಗದ ಆತಿಥೇಯರು, ಮಗುವನ್ನು ಕಳುಹಿಸಿದ ಪಾಲಕರು ಪರಸ್ಪರ ದೂರವಾಗದೆ ಒಂದೇ ಕೆಲಸಕ್ಕೆ ಹೆಗಲು ಕೊಟ್ಟದ್ದು ಈ ಪ್ರಕರಣದ ವಿಶೇಷ.

1993ರ ನವೆಂಬರ್‌ನಲ್ಲಿ ಹತ್ತೋರಿ ದಂಪತಿ ಶ್ವೇತಭವನದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರನ್ನು ಕಂಡು ಮನವಿ ಸಲ್ಲಿಸಿದರು. ಅದೇ ತಿಂಗಳ 30ರಂದು ಕ್ಲಿಂಟನ್ ಬ್ರೇಡಿ ಮಸೂದೆಗೆ ಅಂಕಿತ ಹಾಕಿದರು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ನಡೆದ ದಾಳಿಯಲ್ಲಿ ಗಾಯಗೊಂಡ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ಹೆಸರಿನ ಈ ಕಾನೂನು, ಪರವಾನಗಿ ಪಡೆದ ಅಂಗಡಿಯಿಂದ ಕೈಬಂದೂಕು ಕೊಳ್ಳುವವರ ಪೂರ್ವಾಪರ ಪರಿಶೀಲನೆಗಾಗಿ ಐದು ದಿನಗಳ ಕಾಯುವಿಕೆಯನ್ನು ವಿಧಿಸಿತು. 1998ರಲ್ಲಿ ಅದರ ಬದಲಿಗೆ ಕಂಪ್ಯೂಟರ್ ಮೂಲಕ ತಕ್ಷಣ ಪರಿಶೀಲಿಸುವ ವ್ಯವಸ್ಥೆ ಬಂತು. ಬ್ರೇಡಿ ಮಸೂದೆಯ ಚರ್ಚೆ ಯೊಶಿಯ ಸಾವಿಗೂ ಹಲವು ವರ್ಷ ಮೊದಲೇ ಶುರುವಾಗಿತ್ತು. ಹಾಗಾಗಿ ಕಾನೂನಿಗೆ ಅವನ ಸಾವೇ ಕಾರಣವೆನ್ನಲಾಗದು. ಆದರೆ ಆ ವರ್ಷದ ಜನಾಭಿಪ್ರಾಯದಲ್ಲಿ ಅವನ ಹೆಸರಿಗೂ ಒಂದು ಪಾಲಿತ್ತು. ಈ ಪ್ರಕರಣವನ್ನು ಕುರಿತು ಕ್ರಿಸ್ಟೀನ್ ಚಾಯ್ ನಿರ್ದೇಶಿಸಿದ ಸಾಕ್ಷ್ಯಚಿತ್ರ 1997ರಲ್ಲಿ ಹೊರಬಂತು.

ಪರಿಹಾರದ ಹಣದ ದಾರಿ

ಪರಿಹಾರವಾಗಿ ಬಂದ ಹಣವನ್ನು ದಂಪತಿ ಸ್ವಂತಕ್ಕೆ ಬಳಸಲಿಲ್ಲ. ಒಂದು ಪಾಲು ಅಮೆರಿಕದಲ್ಲಿ ಬಂದೂಕು ನಿಯಂತ್ರಣಕ್ಕಾಗಿ ದುಡಿಯುವವರಿಗೆ ಸಂದಿತು. ಇದಲ್ಲದೆ ಯೊಶಿಯ ಹೆಸರಿನಲ್ಲಿ ಎಎಫ್‌ಎಸ್ ಮೂಲಕ ವಿದ್ಯಾರ್ಥಿವೇತನ ನಿಧಿಯೊಂದು ಸ್ಥಾಪನೆಯಾಯಿತು. ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಜಪಾನಿಗೆ ಕರೆಸಿಕೊಳ್ಳುವುದು ಇದರ ಉದ್ದೇಶ. ಮನೆಯಲ್ಲಿ ಬಂದೂಕು ಇಲ್ಲದೆಯೂ ಜನ ನೆಮ್ಮದಿಯಿಂದ ಮಲಗುವ ಸಮಾಜವೊಂದನ್ನು ಅಮೆರಿಕದ ಮಕ್ಕಳು ಕಣ್ಣಾರೆ ಕಾಣಲಿ ಎಂಬುದು ಪಾಲಕರ ಆಶಯವಾಗಿತ್ತು.

ಮಗನನ್ನು ಕೊಂದದ್ದು ವಿನಿಮಯ ಪ್ರವಾಸ ಎಂದು ಅವರು ತಿಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ವಿನಿಮಯವನ್ನು ಮುಂದುವರಿಸುವ ದಾರಿಯನ್ನು. ಆಂಬುಲೆನ್ಸ್ ಚಾಲಕರು 1947ರಲ್ಲಿ ಇಟ್ಟ ತರ್ಕವೇ ಇಲ್ಲಿಯೂ ಇದೆ. ಅಪರಿಚಿತನ ಭಯಕ್ಕೆ ಮದ್ದು ಅಪರಿಚಿತನನ್ನು ಮನೆಗೆ ಕರೆದು ಊಟಕ್ಕೆ ಕೂರಿಸುವುದು.

ಮತ್ತೊಂದು ಹೆಸರು

ಯೊಶಿಯ ಸಾವಿನ 26ನೆಯ ವರ್ಷದಲ್ಲಿ ಇನ್ನೊಂದು ಮನೆ ಇದೇ ನೋವನ್ನು ಉಂಡಿತು. ಪಾಕಿಸ್ತಾನದ ಕರಾಚಿಯ 17 ವರ್ಷದ ಸಬಿಕಾ ಶೇಖ್ ಯೆಸ್ ಯೋಜನೆಯಡಿ 2017ರಲ್ಲಿ ಅಮೆರಿಕಕ್ಕೆ ಹೋಗಿದ್ದಳು. ಟೆಕ್ಸಾಸ್ ರಾಜ್ಯದ ಸಾಂತಾ ಫೆ ಪ್ರೌಢಶಾಲೆಯಲ್ಲಿ 2018ರ ಮೇ 18ರಂದು ಅದೇ ಶಾಲೆಯ ವಿದ್ಯಾರ್ಥಿಯೊಬ್ಬ ನಡೆಸಿದ ಗುಂಡಿನ ದಾಳಿಯಲ್ಲಿ ಎಂಟು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕಿಯರು ಮೃತರಾದರು. ಅವರಲ್ಲಿ ಸಬಿಕಾ ಒಬ್ಬಳು. ರಂಜಾನ್ ತಿಂಗಳು ಆಗಷ್ಟೇ ಆರಂಭವಾಗಿತ್ತು. ವಿನಿಮಯ ವರ್ಷ ಮುಗಿದು, ಈದ್ ಹಬ್ಬಕ್ಕೆ ಅವಳು ಮನೆ ಸೇರಲು ಕೆಲವೇ ವಾರಗಳು ಉಳಿದಿದ್ದವು. ಇಲ್ಲಿ ಭಾಷೆಯ ತೊಡಕೂ ಇರಲಿಲ್ಲ, ವಿಳಾಸದ ಗೊಂದಲವೂ ಇರಲಿಲ್ಲ. ಅವಳು ಇದ್ದದ್ದು ತನ್ನದೇ ತರಗತಿಯಲ್ಲಿ.

ಇಂಥ ಘಟನೆಗಳು ವಿರಳ ಎಂಬುದನ್ನು ಮರೆಯಬಾರದು. ವಿನಿಮಯಕ್ಕೆ ಹೋದವರ ಮುಖ್ಯ ಕಷ್ಟಗಳು ಮನೆಯ ನೆನಪು, ಊಟದ ವ್ಯತ್ಯಾಸ, ಗೆಳೆಯರಿಲ್ಲದ ಮೊದಲ ತಿಂಗಳುಗಳು, ಆತಿಥೇಯರೊಂದಿಗೆ ಹೊಂದಾಣಿಕೆಯ ತೊಂದರೆ ಇಂಥವು. ಆದರೂ ವಿರಳವಾದ ಅಪಾಯಕ್ಕೂ ಸಿದ್ಧತೆ ಬೇಕು ಎಂಬುದು ಯೊಶಿ ಪ್ರಕರಣ ಕಲಿಸಿದ ಪಾಠ.

ಪಾಲಕರು ಗಮನಿಸಬೇಕಾದ ಅಂಶಗಳು

ಕರ್ನಾಟಕದಿಂದಲೂ ರೋಟರಿ ಕ್ಲಬ್ಬುಗಳು ಹಾಗೂ ಇತರ ಸಂಸ್ಥೆಗಳ ಮೂಲಕ ಹದಿಹರೆಯದವರು ವಿನಿಮಯಕ್ಕೆ ತೆರಳುತ್ತಾರೆ, ಇಲ್ಲಿಯ ಮನೆಗಳೂ ವಿದೇಶಿ ಮಕ್ಕಳನ್ನು ಬರಮಾಡಿಕೊಳ್ಳುತ್ತವೆ. ಅರ್ಜಿ ಹಾಕುವ ಮುನ್ನ ಕೆಲವು ವಿಷಯಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು.

* ಆತಿಥೇಯ ಕುಟುಂಬದ ಪರಿಶೀಲನೆ ಯಾರು, ಯಾವಾಗ ಮಾಡಿದರು ಎಂಬುದನ್ನು ಕೇಳಿ ತಿಳಿಯಬೇಕು. ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ಬೀಗದಲ್ಲಿ ಇದೆಯೇ ಎಂದು ಕೇಳುವುದು ಅಮೆರಿಕದ ಮಟ್ಟಿಗೆ ಅಸಭ್ಯ ಪ್ರಶ್ನೆಯಲ್ಲ.

* ತುರ್ತು ಸಂದರ್ಭದಲ್ಲಿ ವಿದ್ಯಾರ್ಥಿ ನೇರವಾಗಿ ಫೋನ್ ಮಾಡಬಹುದಾದ, ಆತಿಥೇಯರಲ್ಲದ ಸ್ಥಳೀಯ ವ್ಯಕ್ತಿಯೊಬ್ಬರ ಹೆಸರು, ಸಂಖ್ಯೆ ಮೊದಲೇ ದೊರೆತಿರಬೇಕು.

* ಮನೆ ಹೊಂದಿಕೆಯಾಗದಿದ್ದರೆ ಬೇರೆ ಮನೆಗೆ ಬದಲಾಯಿಸುವ ಕ್ರಮವೇನು ಎಂಬುದು ಬರೆಹದಲ್ಲಿರಬೇಕು. ಮನೆ ಬದಲಾಯಿಸುವುದು ಸೋಲಲ್ಲ ಎಂದು ಮಕ್ಕಳಿಗೂ ಹೇಳಿರಬೇಕು.

* ವಾಹನ ಓಡಿಸುವುದು, ಮದ್ಯ, ಮಾದಕ ವಸ್ತು, ಪ್ರೇಮ ಸಂಬಂಧ ಇವು ರೋಟರಿ ವಿನಿಮಯದಲ್ಲಿ ನಿಷಿದ್ಧ. ಇವನ್ನು ಮೀರಿದರೆ ಅವಧಿಗೆ ಮುನ್ನ ಮನೆಗೆ ಕಳುಹಿಸುವ ಸಾಧ್ಯತೆ ಇರುತ್ತದೆ.

* ವಿಮೆಯಲ್ಲಿ ಮಾನಸಿಕ ಆರೋಗ್ಯದ ಚಿಕಿತ್ಸೆ ಸೇರಿದೆಯೇ ಎಂದು ನೋಡಬೇಕು.

* ವಿದೇಶದಲ್ಲಿ ಓದಿದ ವರ್ಷ ಇಲ್ಲಿಯ ಪಿಯುಸಿ ಅಥವಾ ಸಿಬಿಎಸ್‌ಇ ತರಗತಿಗೆ ತಾನಾಗಿಯೇ ಸಮನಾಗುತ್ತದೆಂದು ಭಾವಿಸಬಾರದು. ಕಾಲೇಜಿನಲ್ಲಿಯೂ ಮಂಡಳಿಯಲ್ಲಿಯೂ ಮೊದಲೇ ವಿಚಾರಿಸಬೇಕು.

* ಆ ದೇಶದ ಪೊಲೀಸರ, ಕಾವಲುಗಾರರ ಎಚ್ಚರಿಕೆಯ ಮಾತುಗಳನ್ನು ಮಕ್ಕಳಿಗೆ ಕಲಿಸಬೇಕು. ಅಪರಿಚಿತರ ಅಂಗಳಕ್ಕೆ ಕಾಲಿಡುವ ಮುನ್ನ ಫೋನ್ ಮಾಡಿ ವಿಳಾಸ ಖಚಿತಪಡಿಸಿಕೊಳ್ಳುವ ಅಭ್ಯಾಸವೂ ಬೇಕು.

ವೀಸಾ ನಿಯಮಗಳು ಆಗಿಂದಾಗ್ಗೆ ಬದಲಾಗುತ್ತವೆ ಎಂಬುದೂ ನೆನಪಿರಲಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಹಲವು ಸಂಸ್ಥೆಗಳು ಮಕ್ಕಳನ್ನು ಅರ್ಧಕ್ಕೇ ಮನೆಗೆ ಕಳುಹಿಸಬೇಕಾಯಿತು. 2025ರ ಮೇ ಕೊನೆಯಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ಮತ್ತು ವಿನಿಮಯ ವೀಸಾ ಸಂದರ್ಶನಗಳ ನಿಗದಿಯನ್ನು ತಡೆಹಿಡಿದು, ಜೂನ್‌ನಲ್ಲಿ ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆಯ ಷರತ್ತಿನೊಂದಿಗೆ ಮತ್ತೆ ಆರಂಭಿಸಿತು.

ಆತಿಥೇಯರಾಗುವವರಿಗೂ ಈ ಪ್ರಕರಣದಲ್ಲಿ ಪಾಠವಿದೆ. ಬೆಂಗಳೂರಿಗೋ ಮಂಗಳೂರಿಗೋ ಬಂದಿಳಿಯುವ ವಿದೇಶಿ ಹುಡುಗಿಗೆ ಇಲ್ಲಿಯ ರಸ್ತೆ ದಾಟುವ ಬಗೆ, ನೀರು ಕುಡಿಯುವ ಎಚ್ಚರ, ಬೀದಿ ನಾಯಿ, ಸಂಜೆಯ ನಂತರದ ಓಡಾಟ ಇವೆಲ್ಲ ‘ಫ್ರೀಜ್’ ಎಂಬ ಪದದಷ್ಟೇ ಅಪರಿಚಿತ. ನಮಗೆ ಹೇಳುವ ಅಗತ್ಯವೇ ಇಲ್ಲವೆನಿಸುವ ಸಂಗತಿಗಳನ್ನೇ ಮೊದಲ ವಾರ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮನೆಯ ಮಗನ ಜೊತೆ ಕೂಟಕ್ಕೆ ಹೊರಟ ಯೊಶಿಗೆ ಭಾಷೆ ಅರ್ಧ ತಿಳಿದಿತ್ತು. ಹೇಳದೆ ಉಳಿದುಹೋದದ್ದು ಆ ಊರಿನ ಜನ ಬಾಗಿಲಾಚೆಯ ಅಪರಿಚಿತನಿಗೆ ಎಷ್ಟು ಹೆದರುತ್ತಾರೆ ಎಂಬ ಒಂದು ವಿಷಯ.